ಕೆಂಪಿನಾಚೆ ಇಣುಕಿದ ಹರ್ಷೆಲ್

ಮಕ್ಕಳೇ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವರ ಹೆಸರು ಕೇಳಿದ್ದೀರಿ. ಖೋಟಾನೋಟು ಪತ್ತೆಗೂ ಅವರಿಗೂ ಇರುವ ನಂಟು ಗೊತ್ತೇ?

ಹರ್ಷೆಲ್ 1738ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಹುಟ್ಟಿದರು. ತಂದೆಯಂತೆ ಸೈನ್ಯದ ವಾದ್ಯತಂಡದಲ್ಲಿದ್ದವರು 1757ರಲ್ಲಿ ಇಂಗ್ಲೆಂಡಿಗೆ ಹೋದರು. ಮುಂದೆ ಬಾತ್ ಪಟ್ಟಣದಲ್ಲಿ ಸಂಗೀತದ ಮೇಷ್ಟ್ರಾದರು. ಹಗಲು ಪಾಠ, ರಾತ್ರಿ ನಕ್ಷತ್ರವೀಕ್ಷಣೆ. ದೂರದರ್ಶಕಕ್ಕೆ ಬೇಕಾದ ಲೋಹದ ಕನ್ನಡಿಗಳನ್ನು ತಾವೇ ಉಜ್ಜಿ ತಯಾರಿಸುತ್ತಿದ್ದರು. ಕೈಬಿಡದೆ ಗಂಟೆಗಟ್ಟಲೆ ಉಜ್ಜುವಾಗ ತಂಗಿ ಕ್ಯಾರೊಲಿನ್ ಬಾಯಿಗೆ ತುತ್ತಿಡುತ್ತಿದ್ದರಂತೆ. (ಧೂಮಕೇತುಗಳನ್ನು ಕಂಡುಹಿಡಿದ ಆಕೆಯದೇ ಒಂದು ದೊಡ್ಡ ಕಥೆ.) 1781ರ ಮಾರ್ಚ್ 13ರಂದು ಯುರೇನಸ್ ಕಣ್ಣಿಗೆ ಬಿತ್ತು. ಕೀರ್ತಿಯೂ ರಾಜನ ವರ್ಷಾಶನವೂ ಬಂದವು.

ನನಗೆ ಹೆಚ್ಚು ಇಷ್ಟ 1800ರ ಪ್ರಯೋಗ. ಹರ್ಷೆಲ್ ಬಣ್ಣದ ಗಾಜುಗಳ ಮೂಲಕ ಸೂರ್ಯನನ್ನು ನೋಡುತ್ತಿದ್ದರು. (ನೀವು ಹಾಗೆ ಮಾಡಬೇಡಿ, ಕಣ್ಣು ಹೋದೀತು!) ಕೆಲವು ಗಾಜಿನಲ್ಲಿ ಬೆಳಕು ಕಡಿಮೆ, ಶಾಖ ಹೆಚ್ಚು, ಕೆಲವದರಲ್ಲಿ ತದ್ವಿರುದ್ಧ. ಒಂದೊಂದು ಬಣ್ಣಕ್ಕೆ ಒಂದೊಂದು ಶಾಖವೇ? ಪಟ್ಟಕದ ಮೂಲಕ ಬಿಸಿಲನ್ನು ಬಣ್ಣಗಳಾಗಿ ಮೇಜಿನ ಮೇಲೆ ಹರಡಿ, ಬಲ್ಬಿಗೆ ಕಪ್ಪು ಬಳಿದ ಉಷ್ಣತಾಮಾಪಕವನ್ನಿಟ್ಟರು. ನೇರಳೆಯಲ್ಲಿ ಉಷ್ಣತೆ 2 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಹಸಿರಿನಲ್ಲಿ 3ಕ್ಕಿಂತ ತುಸು ಹೆಚ್ಚು, ಕೆಂಪಿನಲ್ಲಿ ಸುಮಾರು 7. ಕೆಂಪು ಮುಗಿದು ಬಣ್ಣವೇ ಇಲ್ಲದ ಜಾಗದಲ್ಲಿಟ್ಟರೆ? ಅಲ್ಲಿ ಕೆಂಪಿಗಿಂತಲೂ ಹೆಚ್ಚು ಏರಿತು! ಅಲ್ಲಿ ಬೀಳುತ್ತಿದ್ದವು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಅವೂ ಬೆಳಕಿನ ಬಗೆಯೇ ಎಂಬುದು ಹರ್ಷೆಲ್‌ಗೆ ಖಚಿತವಾಗಲಿಲ್ಲ. ಅದನ್ನು ತೋರಿಸಿಕೊಟ್ಟವರು ನಂತರದ ವಿಜ್ಞಾನಿಗಳು. 1822ರಲ್ಲಿ ಹರ್ಷೆಲ್ ತೀರಿಕೊಂಡರು.

ಈಗ ನೋಟಿನ ವಿಷಯ. ಅಚ್ಚಿನಲ್ಲಿ ಕಪ್ಪನ್ನು ಎರಡು ರೀತಿಯಲ್ಲಿ ತರಬಹುದು. ಕಾಡಿಗೆಯಂಥ ಇಂಗಾಲದ ಮಸಿ ಬಳಸಬಹುದು, ಇಲ್ಲವೇ ಬೇರೆ ಬೇರೆ ಬಣ್ಣದ ಮಸಿಗಳನ್ನು ಒಂದರ ಮೇಲೊಂದು ಅಚ್ಚು ಹಾಕಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ ಕಪ್ಪು. ಆದರೆ ಇಂಗಾಲ ಅವಕೆಂಪನ್ನು ಹೀರಿಕೊಳ್ಳುತ್ತದೆ, ಬಣ್ಣದ ಮಸಿಗಳು ಹೆಚ್ಚಾಗಿ ಹಾಯಲು ಬಿಡುತ್ತವೆ. ಆದ್ದರಿಂದ ಒಂದು ಚಿತ್ರದೊಳಗೆ ಇನ್ನೊಂದನ್ನು ಬಚ್ಚಿಡಬಹುದು. ಅವಕೆಂಪು ಕ್ಯಾಮೆರಾಕ್ಕೆ ಬಣ್ಣದ ಮಸಿ ಮಾಯ, ಇಂಗಾಲದ ಚಿತ್ರವಷ್ಟೇ ಕಾಣುತ್ತದೆ.

ಯೂರೋ ನೋಟುಗಳಲ್ಲೂ ಅವಕೆಂಪಿಗೆ ಬೇರೆ ಬೇರೆಯಾಗಿ ವರ್ತಿಸುವ ಮಸಿಗಳಿವೆ. ಅವಕೆಂಪಿನಲ್ಲಿ ನೋಡಿದರೆ ಮುಖ್ಯಚಿತ್ರದ ಬಲಭಾಗ ಉಳಿದು ಎಡಭಾಗ ಮರೆಯಾಗುತ್ತದೆ. ಕಲರ್ ಜೆರಾಕ್ಸ್ ಯಂತ್ರ ನಕಲು ಮಾಡುವುದು ಕಣ್ಣಿಗೆ ಕಾಣುವ ಬಣ್ಣವನ್ನು ಮಾತ್ರ. ಕೆಂಪಿನಾಚೆ ಏನು ಅಡಗಿದೆ ಎಂಬುದು ಅದಕ್ಕೆ ತಿಳಿಯದು.