ಮರಳಿನೊಳಗೆ ಹರಿಯುವ ನೀರನ್ನು ಅಳೆದ ಹೆನ್ರಿ ಡಾರ್ಸಿ

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಈ ಸುವರ್ಣ ಮಹೋತ್ಸವದ ಸಂಚಿಕೆಗೆ, ಹುಟ್ಟಿದ ಊರಿಗಾಗಿ ದುಡಿದ ಒಬ್ಬ ಎಂಜಿನಿಯರ್ ಬಗ್ಗೆ ಬರೆಯುತ್ತಿದ್ದೇನೆ.

ಹೆನ್ರಿ ಡಾರ್ಸಿ ಹುಟ್ಟಿದ್ದು 1803ರ ಜೂನ್ 10ರಂದು, ಫ್ರಾನ್ಸಿನ ಡಿಜಾನ್ ಪಟ್ಟಣದಲ್ಲಿ. 14ನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಪ್ಯಾರಿಸ್‌ನಲ್ಲಿ ಎಂಜಿನಿಯರಿಂಗ್ ಓದಿ, ಸರ್ಕಾರಿ ಎಂಜಿನಿಯರ್ ಆಗಿ ಊರಿಗೇ ಬಂದರು. ಆಗ ಅಲ್ಲಿ ಶುದ್ಧ ನೀರಿರಲಿಲ್ಲ. ಡಾರ್ಸಿ ರೋಜ್ವಾರ್ ಎಂಬ ಬುಗ್ಗೆಯಿಂದ 12.7 ಕಿ.ಮೀ. ಉದ್ದದ ಮುಚ್ಚಿದ ಕಾಲುವೆ ಕಟ್ಟಿಸಿದರು. 1840ರಲ್ಲಿ ಪಂಪಿಲ್ಲದೆ, ಇಳಿಜಾರಿನಲ್ಲೇ ನೀರು ಊರಿಗೆ ಹರಿದು ಬಂತು. ಅದಕ್ಕೆ ಸಲ್ಲಬೇಕಾದ ಸಂಭಾವನೆಯನ್ನು ಅವರು ಪಡೆಯಲಿಲ್ಲ.

ಆರೋಗ್ಯ ಕೆಟ್ಟ ಮೇಲೂ ಅವರು ಸುಮ್ಮನಿರಲಿಲ್ಲ. 1855–56ರಲ್ಲಿ ಡಿಜಾನ್ ಆಸ್ಪತ್ರೆಯಲ್ಲಿ ನಿಲ್ಲಿಸಿದ ಕೊಳವೆಗೆ ಮರಳು ತುಂಬಿ, ನೀರು ಹಾಯಿಸಿ ಅಳೆದರು. ಮೇಲಿನ ಮತ್ತು ಕೆಳಗಿನ ನೀರಿನ ಮಟ್ಟಗಳ ಅಂತರ ಎರಡರಷ್ಟಾದರೆ ಹರಿವೂ ಎರಡರಷ್ಟು. ಮರಳಿನ ಉದ್ದ ಎರಡರಷ್ಟಾದರೆ ಹರಿವು ಅರ್ಧ. ಇದೇ ಡಾರ್ಸಿ ನಿಯಮ. 1856ರಲ್ಲಿ ಪುಸ್ತಕ ಬಂತು. 1858ರ ಜನವರಿ 3ರಂದು ಅವರು ನಿಧನರಾದರು.

ಇಂದು ಕಂಪ್ಯೂಟರಿನಲ್ಲಿ ಅಂತರ್ಜಲದ ಲೆಕ್ಕ ಹಾಕುವಾಗ ನೆಲವನ್ನು ಚೌಕಗಳಾಗಿ ಭಾಗಿಸುತ್ತೇವೆ. ಒಂದು ಚೌಕದಿಂದ ಪಕ್ಕದ್ದಕ್ಕೆ ಎಷ್ಟು ನೀರು ಹೋಗುತ್ತದೆಂದು ಹೇಳುವುದು ಡಾರ್ಸಿ ನಿಯಮವೇ. ಹೊಳೆ ಅಥವಾ ಕೆರೆಯ ತಳದಿಂದ ಇಳಿಯುವ ನೀರಿಗೂ ಅದೇ ಲೆಕ್ಕ. ಆದರೆ ಕೆರೆಯ ಮಟ್ಟ ಬದಲಾದರೆ ಅಂತರ್ಜಲ ಬದಲಾಗುತ್ತದೆ, ಅಂತರ್ಜಲ ಬದಲಾದರೆ ಕೆರೆಯೂ ಬದಲಾಗುತ್ತದೆ. ಹಾಗಾಗಿ ಎರಡರ ಉತ್ತರವೂ ಒಂದಕ್ಕೊಂದು ಹೊಂದುವವರೆಗೆ ಕಂಪ್ಯೂಟರ್ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಆಗ ಇಲ್ಲಿ ಬೋರ್‌ವೆಲ್ ಓಡಿಸಿದರೆ ಅಲ್ಲಿ ಹೊಳೆಯಲ್ಲಿ ಎಷ್ಟು ನೀರು ತಗ್ಗುತ್ತದೆಂದು ಅಂದಾಜಿಸಬಹುದು.

ಕೆರೆ ತುಂಬಿದರೆ ಬಾವಿಗೆ ನೀರು ಬರುವುದು ನಮ್ಮ ಹಿರಿಯರಿಗೆ ಗೊತ್ತೇ ಇತ್ತು. ಮೇಲಿನ ನೀರು, ಕೆಳಗಿನ ನೀರು ಬೇರೆ ಬೇರೆಯಲ್ಲ. ಒಂದೇ ಗಂಟಿನ ಹಣ. ಆದರೆ ಡಾರ್ಸಿ ಅಳೆದದ್ದು ಮರಳನ್ನು. ನಮ್ಮ ನಾಡಿನ ಬಹುಭಾಗದಲ್ಲಿ ನೆಲದಡಿ ಇರುವುದು ಬಿರುಕು ಬಿಟ್ಟ ಗಟ್ಟಿ ಕಲ್ಲು. ಇಲ್ಲಿನ ಅಂಕಿಗಳನ್ನು ಇಲ್ಲೇ ಅಳೆಯಬೇಕು; ಅವಿಲ್ಲದಿದ್ದರೆ ಎಷ್ಟು ದೊಡ್ಡ ಕಂಪ್ಯೂಟರ್ ಇದ್ದರೂ ಉತ್ತರ ತಪ್ಪೇ.

ಆದ್ದರಿಂದ ಶಾಲೆಗೆ ನನ್ನದೊಂದು ವಿನಂತಿ: ಶಿಕ್ಷಕರ ಜೊತೆಗೂಡಿ ಮಕ್ಕಳು ಪ್ರತಿ ತಿಂಗಳು ಊರಿನ ಒಂದು ಬಾವಿಯ ಮತ್ತು ಕೆರೆಯ ನೀರಿನ ಮಟ್ಟವನ್ನು ಬರೆದಿಡಲಿ. ಹಗ್ಗ, ಅಳತೆಪಟ್ಟಿ, ಒಂದು ನೋಟ್‌ಬುಕ್ ಸಾಕು. ಶಾಲೆಯ ಶತಮಾನೋತ್ಸವದ ಹೊತ್ತಿಗೆ ಅದು ಊರಿನ ದೊಡ್ಡ ಆಸ್ತಿಯಾಗಿರುತ್ತದೆ.