ಮೂವರ ತಂಡ

ಭಾರತದ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ನನ ಪತ್ನಿಗೆ ಡೈಸಿ ಎಂಬ ತಂಗಿಯಿದ್ದಳು. ಆಕೆಯ ಕೈಹಿಡಿದವನು ಕರ್ಜನ್ನನ ಸೇನಾ ಸಹಾಯಕನಾಗಿದ್ದ ಸಫೋಕ್‌ನ ಅರ್ಲ್. ಅರ್ಲ್ ಎಂಬುದು ಇಂಗ್ಲೆಂಡಿನ ಶ್ರೀಮಂತ ಮನೆತನಗಳಲ್ಲಿ ವಂಶಪಾರಂಪರ್ಯವಾಗಿ ಬರುವ ಪದವಿ. ಈ ದಂಪತಿಗಳಿಗೆ 1906ರಲ್ಲಿ ಚಾರ್ಲ್ಸ್ ಹೋವರ್ಡ್ ಜನಿಸಿದನು. 1917ರಲ್ಲಿ ತಂದೆಯು ಮೆಸಪೊಟೇಮಿಯದ ರಣರಂಗದಲ್ಲಿ ಮಡಿಯಲು, ಹನ್ನೊಂದರ ಬಾಲಕನೇ ಇಪ್ಪತ್ತನೆಯ ಅರ್ಲ್ ಆದನು.

ಹಿರಿಯರ ಆಸ್ತಿಯನ್ನು ಕುಳಿತು ಉಣ್ಣುವ ಸ್ವಭಾವ ಆತನದಾಗಿರಲಿಲ್ಲ. ಹದಿಹರೆಯದಲ್ಲೇ ಹಾಯಿಹಡಗಿನಲ್ಲಿ ದುಡಿದನು. ಮದುವೆಯಾದ ಮೇಲೆ ಎಡಿನ್‌ಬರೋ ವಿಶ್ವವಿದ್ಯಾನಿಲಯ ಸೇರಿ ಔಷಧ ವಿಜ್ಞಾನದಲ್ಲಿ ಪದವಿ ಪಡೆದನು. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನರ ವಶವಾಗುತ್ತಿದ್ದಾಗ, ಪರಮಾಣು ಸಂಶೋಧನೆಗೆ ಬೇಕಾಗಿದ್ದ ಭಾರಜಲವನ್ನೂ ವಿಜ್ಞಾನಿಗಳನ್ನೂ ವಜ್ರಗಳನ್ನೂ ಹಡಗಿನಲ್ಲಿ ಇಂಗ್ಲೆಂಡಿಗೆ ಸಾಗಿಸಿದನು.

ಅನಂತರ ಆತ ಆರಿಸಿಕೊಂಡದ್ದು ಲಂಡನ್ನಿನಲ್ಲಿ ಬಿದ್ದೂ ಸಿಡಿಯದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಕಾರ್ಯ. ಕೆಲವು ಬಾಂಬುಗಳೊಳಗೆ ಗಡಿಯಾರದ ಯಂತ್ರವಿರುತ್ತಿತ್ತು. ನಿಂತಂತೆ ತೋರಿದ ಗಡಿಯಾರ ತುಸು ಅಲುಗಿದರೂ ಮತ್ತೆ ನಡೆಯಬಹುದು. ಅದರ ಜೊತೆಗೆ, ಮುಟ್ಟಿದರೆ ಸಿಡಿಯುವ ಇನ್ನೊಂದು ಕೀಲನ್ನೂ ಶತ್ರುಗಳು ಅಳವಡಿಸುತ್ತಿದ್ದರು. ಅರ್ಲ್ ತಾನು ಇಡುವ ಪ್ರತಿಯೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಿದ್ದನು. ಪಕ್ಕದಲ್ಲಿ ನಿಂತ ಕಾರ್ಯದರ್ಶಿ ಬೆರಿಲ್ ಮಾರ್ಡೆನ್ ಅದನ್ನು ಬರೆದುಕೊಳ್ಳುತ್ತಿದ್ದಳು. ಒಂದುವೇಳೆ ಕೈ ತಪ್ಪಿದರೆ, ತಪ್ಪಿದ್ದೆಲ್ಲಿ ಎಂಬುದು ಮುಂದಿನವರಿಗೆ ತಿಳಿಯಲೆಂದು ಈ ಏರ್ಪಾಡು. ಆದರೆ ಮಾತು ಕೇಳಿಸುವಷ್ಟು ಹತ್ತಿರ ನಿಲ್ಲುವವಳಿಗೂ ಅಪಾಯ ಅಷ್ಟೇ ಇತ್ತಲ್ಲವೇ? ವಾಹನ ಚಾಲಕ ಫ್ರೆಡ್ ಹಾರ್ಡ್ಸ್ ಮೂರನೆಯವನು. ಕುಲೀನ ಅರ್ಲ್, ಬೆರಳಚ್ಚಿನ ಹುಡುಗಿ, ಬಂಡಿ ನಡೆಸುವವನು: ಆ ಕಾಲದ ಇಂಗ್ಲೆಂಡಿನಲ್ಲಿ ಒಂದೇ ಮೇಜಿಗೆ ಕೂರದ ಮೂವರು ಒಂದೇ ಬಾಂಬಿನ ಬಳಿ ಸೇರಿದ್ದರು.

ಮೂವತ್ತನಾಲ್ಕು ಬಾಂಬುಗಳು ಹೀಗೆ ಶಾಂತವಾದವು. ಮೂವತ್ತೈದನೆಯದು 1941ರ ಮೇ 12ರಂದು ಈರಿತ್ ಎಂಬಲ್ಲಿನ ಜೌಗುನೆಲದಲ್ಲಿ ಸಿಡಿಯಿತು. ಮೂವರೂ, ನೆರವಿಗಿದ್ದ ಸೈನಿಕರಲ್ಲಿ ಹಲವರೂ ಅಸುನೀಗಿದರು.

ಆ ವರ್ಷ ಜುಲೈನಲ್ಲಿ ಅರ್ಲ್‌ಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಘೋಷಿತವಾಯಿತು. ಮಾರ್ಡೆನ್‌ಗೂ ಹಾರ್ಡ್ಸ್‌ಗೂ ಪ್ರಶಂಸೆ ಮಾತ್ರ ದೊರೆಯಿತು. ಇದೇ ಪದಕ 1944ರಲ್ಲಿ, ಇಟಲಿಯಲ್ಲಿ ಸಿಡಿಯಲಿದ್ದ ನೆಲಬಾಂಬಿನ ಮೇಲೆರಗಿ ಸಂಗಡಿಗರನ್ನು ಉಳಿಸಿ ಮಡಿದ ಸುಬೇದಾರ್ ಸುಬ್ರಮಣಿಯನ್‌ಗೂ ಸಂದಿತು. ಆತನ ದಳವಾದ ಮದ್ರಾಸ್ ಸ್ಯಾಪರ್ಸ್‌ನ ಕೇಂದ್ರವಿರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ.

ಚಾರ್ಲ್ಸ್ ಸತ್ತಾಗ ಮೂವತ್ತೈದು ವಯಸ್ಸು. ಅರ್ಲ್ ಪದವಿ ಆತನ ಆರು ವರ್ಷದ ಮಗನಿಗೆ ಬಂದಿತು.