ಮಹಾವೀರಾಚಾರ್ಯರ ಅಂಕಮಾಲೆ

ಬಂಟವಾಳದ ಪೇಟೆಯಲ್ಲಿ ಅಡಿಕೆಯ ಲೆಕ್ಕ ಬರೆಯುವವರೂ ಬೆಳ್ತಂಗಡಿಯ ಕಚೇರಿಯಲ್ಲಿ ತೀರ್ವೆಯ ಪಟ್ಟಿಯನ್ನು ಕೂಡಿಸುವವರೂ ಅಂಕಗಣಿತವನ್ನು ಹೊಟ್ಟೆಪಾಡಿನ ವಿದ್ಯೆಯೆಂದೇ ಬಗೆದಿರುವರು. ಅದು ತಪ್ಪಲ್ಲ. ಆದರೆ ಆ ವಿದ್ಯೆಯಲ್ಲಿ ಸೊಬಗನ್ನು ಕಂಡ ಮಹನೀಯರೊಬ್ಬರು ಕನ್ನಡದರಸನ ಕಾಲದಲ್ಲಿಯೇ ಬಾಳಿದ್ದರೆಂಬುದನ್ನು ನಮ್ಮ ಮಕ್ಕಳಿಗೆ ಹೇಳುವವರೇ ವಿರಳ.

ಮಾನ್ಯಖೇಟದಿಂದ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ, ಸುಮಾರು ಕ್ರಿ. ಶ. 850ರಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದರು. ಕವಿರಾಜಮಾರ್ಗವು ಹುಟ್ಟಿದ ಕಾಲವೂ ಅದೇ. ಗ್ರಹಗತಿಗಳ ಗೊಡವೆಗೆ ಹೋಗದೆ ಗಣಿತವೊಂದನ್ನೇ ವಿಷಯವಾಗಿಟ್ಟುಕೊಂಡ ಗ್ರಂಥವಿದು. ಪಾಕಶಾಸ್ತ್ರದಿಂದ ವಾಸ್ತುವಿದ್ಯೆಯವರೆಗೆ ಗಣಿತವಿಲ್ಲದೆ ಯಾವುದೂ ನಡೆಯದೆಂದು ಆಚಾರ್ಯರು ಆದಿಯಲ್ಲಿಯೇ ಸಾರಿದರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದರು. ಕೊನೆಯದು ಒಂದರ ಮುಂದೆ 23 ಸೊನ್ನೆಗಳ ಸಂಖ್ಯೆ.

ಗುಣಾಕಾರದ ಪ್ರಕರಣದಲ್ಲಿ ಅವರು 27994681ನ್ನು 441ರಿಂದ ಗುಣಿಸಹೇಳುವರು. ವಾಚಕರು ಕಾಗದ ತೆಗೆದುಕೊಂಡು ನೋಡಲಿ: 12345654321 ಬರುವುದು. ಒಂದರಿಂದ ಆರಕ್ಕೆ ಏರಿ ಮರಳಿ ಒಂದಕ್ಕೆ ಇಳಿಯುವ ಈ ಸಂಖ್ಯೆಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂತಹ ಕೆಲವನ್ನು ಅವರು ಕಂಠಾಭರಣಗಳೆಂದೇ ಕರೆದರು. ಇದರ ಮರ್ಮವೇನು? ಇದು 111111ರ ವರ್ಗ. 111111ನ್ನು ಆರು ಸಾಲುಗಳಲ್ಲಿ ಒಂದೊಂದು ಸ್ಥಾನ ಸರಿಸಿ ಬರೆದು ಕೂಡಿಸಿದರೆ ಅಂಚಿನಲ್ಲಿ ಒಂದೇ ಒಂದು, ನಡುವೆ ಆರು ಒಂದುಗಳು ಬೀಳುವುವು; ಎಲ್ಲಿಯೂ ಹತ್ತು ಮುಟ್ಟದ ಕಾರಣ ದಶಕವು ಏರದು. ಒಂಬತ್ತು ಒಂದುಗಳವರೆಗೆ ಮಾಲೆ ಕೆಡದು. ಹತ್ತಾದೊಡನೆ ದಾರ ಹರಿಯುವುದು. ಇನ್ನು 111111 ಎಂಬುದು 3, 7, 11, 13, 37 ಇವುಗಳ ಗುಣಲಬ್ಧ. ಮೊದಲೆರಡರಿಂದ 21, ಉಳಿದ ಮೂರರಿಂದ 5291; ಅವುಗಳ ವರ್ಗಗಳೇ ಆಚಾರ್ಯರು ಕೊಟ್ಟ 441 ಮತ್ತು 27994681. ಇದು ಆಕಸ್ಮಿಕವೆಂದು ನಾವು ನಂಬಲಾರೆವು.

ಅಭಿಮಾನದಿಂದ ಕಣ್ಣು ಮುಚ್ಚುವುದೂ ಸಲ್ಲದು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಯು ಬದಲಾಗದೆಂದು ಅವರು ಬರೆದುದು ತಪ್ಪೇ ಸರಿ. ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳನ್ನು ಎಣಿಸಲು ಅವರು ಕೊಟ್ಟ ಸೂತ್ರವಾದರೋ ಇಂದಿಗೂ ಶಾಲೆಗಳಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಅವರದಿಲ್ಲ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಬಳಿಕ ಮೂಲವು ಓಲೆಗರಿಗಳಲ್ಲಿಯೇ ಅಡಗಿತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚಿಗೆ ತಂದಾಗ ನೆರವಾದ ಪ್ರತಿಗಳಲ್ಲೊಂದು ನಮ್ಮ ಮೂಡಬಿದಿರೆಯ ಜೈನ ಮಠದ ಪ್ರತಿಯಿಂದ ನಕಲಾದುದು. 1430ರ ಸಾವಿರ ಕಂಬದ ಬಸದಿಯಲ್ಲಿ ಕಂಬಗಳನ್ನೆಣಿಸಿ ಮರಳುವ ಯಾತ್ರಿಕರಿಗೆ ಇದನ್ನು ಯಾರೂ ಹೇಳುವುದಿಲ್ಲ. ಈ ಮೂರು ಊರುಗಳ ಹಳೆಯ ಮನೆಗಳ ಅಟ್ಟದಲ್ಲಿ ಓಲೆಗರಿಯ ಕಟ್ಟುಗಳಿದ್ದರೆ, ಗೆದ್ದಲು ಹಿಡಿಯುವ ಮುನ್ನ ಬಲ್ಲವರಿಗೆ ತೋರಿಸಬೇಕೆಂದು ನಮ್ಮ ವಾಚಕರನ್ನು ಕೋರುತ್ತೇವೆ.